ಕುಸಿದ ಮೇಲೆ ಕಣ್ಣು ತೆರೆಯುವ ಕಾನೂನು

ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು 19 ಮಂದಿ ಮಡಿದರು. ಮೇಲಿನ ಅಂತಸ್ತುಗಳ ಕೆಲಸ ಇನ್ನೂ ಮುಗಿದಿರಲಿಲ್ಲ. ಕೆಳಗೆ ಅಂಗಡಿಗಳು ಆಗಲೇ ವ್ಯಾಪಾರ ನಡೆಸುತ್ತಿದ್ದವು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಇನ್ನೊಂದು ಕಟ್ಟಡ ಬಿದ್ದು 9 ಕಾರ್ಮಿಕರು ಸತ್ತರು. ಅದೇ ಬೆಂಗಳೂರಿನಲ್ಲಿ 1983ರ ಸೆಪ್ಟೆಂಬರಿನಲ್ಲಿ ಗಂಗಾರಾಮ್ ಕಟ್ಟಡ ಉರುಳಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದರು. ಈ ನಲವತ್ತು ವರ್ಷಗಳಲ್ಲಿ ಮಂತ್ರಿಗಳು ಬದಲಾದರು, ಪಕ್ಷಗಳು ಬದಲಾದವು. ದುರಂತದ ಮರುದಿನದ ನಾಟಕ ಮಾತ್ರ ಬದಲಾಗಲಿಲ್ಲ: ಸಂತಾಪ, ಪರಿಹಾರದ ಘೋಷಣೆ, ತನಿಖೆಯ ಆದೇಶ, ಕೆಳದರ್ಜೆಯ ಒಬ್ಬಿಬ್ಬರು ನೌಕರರ ಅಮಾನತು. ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ಕಡತದೊಳಗೆ ಮಲಗುತ್ತದೆ.

ಕಟ್ಟಡವೇನು ರಾತ್ರೋರಾತ್ರಿ ಎದ್ದು ನಿಲ್ಲುವ ಅಣಬೆಯಲ್ಲ. ಪಾಯ ತೋಡಬೇಕು, ಕಂಬ ಎಬ್ಬಿಸಬೇಕು, ಒಂದೊಂದೇ ತಾರಸಿ ಹಾಕಬೇಕು. ತಿಂಗಳುಗಟ್ಟಲೆ ಜಲ್ಲಿ, ಮರಳು, ಕಬ್ಬಿಣ ಬೀದಿಯಲ್ಲೇ ರಾಶಿ ಬಿದ್ದಿರುತ್ತವೆ. ಮೂರು ಅಂತಸ್ತಿಗೆ ಪರವಾನಗಿ ಪಡೆದವನು ಐದನೆಯದನ್ನು ಏರಿಸುತ್ತಿರುವುದು ಎದುರಿನ ಚಹಾ ಅಂಗಡಿಯವನಿಗೆ ಕಾಣುತ್ತದೆ, ಹಾಲು ಹಾಕುವ ಹುಡುಗನಿಗೆ ಕಾಣುತ್ತದೆ. ನೋಡುವುದಕ್ಕೆಂದೇ ಸಂಬಳ ಪಡೆಯುವ ಇಲಾಖೆಗೆ ಮಾತ್ರ ಕಾಣುವುದಿಲ್ಲ. ಇದು ಕುರುಡಲ್ಲ, ಕಣ್ಣು ಮುಚ್ಚಿಕೊಳ್ಳಲು ಸಂದಾಯವಾಗುವ ಬೆಲೆ ಎಂದು ಜನ ಆಡಿಕೊಂಡರೆ ಅವರನ್ನು ತಪ್ಪೆನ್ನಲು ನಮಗೆ ಬಾಯಿ ಬರುವುದಿಲ್ಲ.

ಕಾನೂನಿನ ಕೊರತೆ ಇದೆಯೇ? ಇಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದ 321ನೇ ಪ್ರಕರಣ ಅನಧಿಕೃತ ಕಟ್ಟಡವನ್ನು ತಡೆಯುವ, ಕೆಡಹುವ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿದೆ. ಕೆಲಸ ಮುಗಿದ ಮೇಲೆ ಪೂರ್ಣತೆಯ ಪತ್ರವಿಲ್ಲದೆ, ವಾಸಕ್ಕೆ ಅನುಮತಿಯಿಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಅದೇ ಅಧಿನಿಯಮದ 321-ಬಿ ಪ್ರಕರಣವಂತೂ ತನ್ನ ವ್ಯಾಪ್ತಿಯಲ್ಲಿ ಅಕ್ರಮ ಕಟ್ಟಡ ಏಳುವುದನ್ನು ತಡೆಯದ ಅಧಿಕಾರಿಯನ್ನೇ ದಂಡನೆಗೆ ಗುರಿಪಡಿಸುತ್ತದೆ. ಈ ಪ್ರಕರಣದ ಕೆಳಗೆ ಇದುವರೆಗೆ ಎಷ್ಟು ಅಧಿಕಾರಿಗಳಿಗೆ ಶಿಕ್ಷೆಯಾಗಿದೆ? ಪ್ರತಿಯೊಂದು ಪಾಲಿಕೆಯೂ ಆ ಲೆಕ್ಕವನ್ನು ಜನತೆಯ ಮುಂದಿಡಲಿ ಎಂದು ನಾವು ಸವಾಲು ಹಾಕುತ್ತೇವೆ.

ಸುಪ್ರೀಂ ಕೋರ್ಟು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಇನ್ನಷ್ಟು ಬಿಗಿಯಾಗಿ ಹೇಳಿದೆ. ಮಂಜೂರಾದ ನಕ್ಷೆಯನ್ನು ಕಾಮಗಾರಿ ಮುಗಿಯುವವರೆಗೂ ಸ್ಥಳದಲ್ಲೇ ತೂಗುಹಾಕಬೇಕು. ಅಧಿಕಾರಿಗಳು ಆಗಾಗ್ಗೆ ಬಂದು ಪರಿಶೀಲಿಸಿ ದಾಖಲೆ ಇಡಬೇಕು. ಅನುಮತಿ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು ಕೊಡಕೂಡದು. ಕರ್ತವ್ಯ ಮರೆತ ಅಧಿಕಾರಿಯ ಮೇಲೆ ಕ್ರಮ ಜರುಗಿಸಬೇಕು. ಇಷ್ಟಾದ ಮೇಲೆ ಓದುಗರು ತಮ್ಮ ತಮ್ಮ ಬೀದಿಯನ್ನೊಮ್ಮೆ ಸುತ್ತಿ ಬರಲಿ. ಏಳುತ್ತಿರುವ ಎಷ್ಟು ಕಟ್ಟಡಗಳ ಮುಂದೆ ನಕ್ಷೆ ತೂಗುತ್ತಿದೆಯೆಂದು ಎಣಿಸಲಿ.

ಆಡಳಿತಾರೂಢರಿಗೆ ಕಾನೂನನ್ನು ಜಾರಿ ಮಾಡುವುದಕ್ಕಿಂತ ಅದರ ಉಲ್ಲಂಘನೆಯನ್ನು ಮಾರುವುದು ಸುಲಭವಾಗಿ ಕಂಡಿದೆ. 'ಅಕ್ರಮ-ಸಕ್ರಮ'ದ ಕಥೆಯೇ ಇದಕ್ಕೆ ಸಾಕ್ಷಿ. ವಾಸದ ಕಟ್ಟಡದಲ್ಲಿ ಶೇಕಡಾ 50, ವ್ಯಾಪಾರದ ಕಟ್ಟಡದಲ್ಲಿ ಶೇಕಡಾ 25ರವರೆಗಿನ ಉಲ್ಲಂಘನೆಯನ್ನು ಹಣ ಕಟ್ಟಿಸಿಕೊಂಡು ಮನ್ನಿಸುವ ಯೋಜನೆ ಅದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ಸಾಲ ಸೋಲ ಮಾಡಿ ಒಂದು ಕೋಣೆ ಹೆಚ್ಚು ಕಟ್ಟಿಕೊಂಡ ಬಡ ಸಂಸಾರಕ್ಕೆ ದಾರಿ ತೋರಿಸಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅಂಥವರನ್ನು ಮುಂದೆ ನಿಲ್ಲಿಸಿ ಅವರ ಬೆನ್ನ ಹಿಂದೆ ವಾಣಿಜ್ಯ ಸಂಕೀರ್ಣಗಳ ಒಡೆಯರನ್ನು ದಾಟಿಸುವುದನ್ನು ಒಪ್ಪಲಾರೆವು. ದಂಡದ ಹಣ ಖಜಾನೆಗೆ ಸೇರಬಹುದು. ಅದರಿಂದ ದುರ್ಬಲ ಕಂಬಕ್ಕೆ ಬಲ ಬಾರದು, ಬೆಂಕಿ ಬಿದ್ದಾಗ ಓಡಲು ಇಲ್ಲದ ದಾರಿ ತೆರೆಯದು.

ಇದೇ ಆಡಳಿತ ಗುಡಿಸಲಿನ ಮುಂದೆ ನಿಂತಾಗ ಎಲ್ಲಿಲ್ಲದ ಚುರುಕು ಬರುತ್ತದೆ! ಬಹುಮಹಡಿಯ ಒಡೆಯನಿಗೆ ನೋಟೀಸು, ಮೇಲ್ಮನವಿ, ತಡೆಯಾಜ್ಞೆ, ವಾಯಿದೆಯ ಮೇಲೆ ವಾಯಿದೆ. ಗುಡಿಸಲಿನವನಿಗೆ ಬೆಳಗಿನ ಜಾವದ ಪೊಲೀಸು ಮತ್ತು ಜೆಸಿಬಿ. 15 ದಿನಗಳ ನೋಟೀಸಿಲ್ಲದೆ ಮನೆ ಕೆಡಹಬಾರದೆಂದು 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತು, ನಿಜ. ಆದರೆ ರಸ್ತೆ, ಕಾಲುದಾರಿ, ರೈಲು ಹಳಿಯ ಪಕ್ಕ, ನದಿಯಂಥ ಸಾರ್ವಜನಿಕ ಜಾಗದಲ್ಲಿರುವ ಅನಧಿಕೃತ ಕಟ್ಟಡಗಳಿಗೆ ಆ ರಕ್ಷಣೆ ಅನ್ವಯಿಸದೆಂದೂ ಹೇಳಿತು. ನಿವೇಶನವಿಲ್ಲದವನು ಬೇರೆಲ್ಲಿ ಗುಡಿಸಲು ಹಾಕಬೇಕು? ಬೀದಿ ವ್ಯಾಪಾರಿಗೆ 30 ದಿನಗಳ ನೋಟೀಸು ಕೊಡಬೇಕೆಂದು 2014ರ ಕಾಯಿದೆ ಹೇಳುತ್ತದೆ. ಆ ನೋಟೀಸನ್ನು ಕಣ್ಣಾರೆ ಕಂಡ ತರಕಾರಿ ಗಾಡಿಯವರು ಎಷ್ಟು ಮಂದಿ? ಒಂದೇ ಇಲಾಖೆ ಮೇಲಕ್ಕೆ ನೋಡುವಾಗ ಆಮೆ, ಕೆಳಕ್ಕೆ ನೋಡುವಾಗ ಹದ್ದು.

ಇಲಾಖೆಯ ಕೆಳಗಿನ ನೌಕರನ ಕಷ್ಟವನ್ನೂ ನಾವು ಬಲ್ಲೆವು. ಒಬ್ಬ ಕಿರಿಯ ಎಂಜಿನಿಯರನ ತಲೆಯ ಮೇಲೆ ರಸ್ತೆ, ಚರಂಡಿ, ಬೀದಿ ದೀಪ, ಚುನಾವಣೆಯ ಕೆಲಸ ಎಲ್ಲವನ್ನೂ ಹೇರಿ, ಕಟ್ಟಡಗಳನ್ನೂ ನೋಡಿಕೋ ಎಂದರೆ ಅವನು ಯಾವುದನ್ನು ನೋಡಿಯಾನು? ನೋಡಿ ಕೆಲಸ ನಿಲ್ಲಿಸಿದನೋ, ಮೇಲಿನಿಂದ ದೂರವಾಣಿ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ವರ್ಗಾವಣೆಯ ಆದೇಶ ಬರುತ್ತದೆ. ಆದ್ದರಿಂದ ಒಬ್ಬಿಬ್ಬರನ್ನು ಅಮಾನತಿನಲ್ಲಿಟ್ಟು ಕೈ ತೊಳೆದುಕೊಳ್ಳುವುದು ನ್ಯಾಯವೂ ಅಲ್ಲ, ಪರಿಹಾರವೂ ಅಲ್ಲ. ವ್ಯವಸ್ಥೆಯೇ ಬದಲಾಗಬೇಕು.

ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದು, ಪರವಾನಗಿ ಕೊಡುವ ಕೈ ಮತ್ತು ಪರಿಶೀಲಿಸುವ ಕಣ್ಣು ಬೇರೆ ಬೇರೆಯಾಗಿರಲಿ. ಪರಿಶೀಲನೆಗೆ ಬೇರೆ ಹೊಣೆಯಿಲ್ಲದ ಸಾಕಷ್ಟು ಸಿಬ್ಬಂದಿ ಇರಲಿ. ಎರಡು, ಪಾಯದ ಹಂತದಲ್ಲಿ, ಪ್ರತಿ ತಾರಸಿಗೆ ಕಬ್ಬಿಣ ಕಟ್ಟಿ ಕಾಂಕ್ರೀಟು ಸುರಿಯುವ ಮುನ್ನ, ಕೆಲಸ ಮುಗಿದ ಮೇಲೆ ಪರಿಶೀಲನೆ ಕಡ್ಡಾಯವಾಗಲಿ. ಬಂದವರ ಹೆಸರು, ದಿನಾಂಕ, ಕಂಡ ಲೋಪ ನಕ್ಷೆಯ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ತೂಗಲಿ. ಮೂರು, ಕೆಡಹುವ ಆದೇಶವಾದ ಕಟ್ಟಡಗಳ ಪಟ್ಟಿಯನ್ನೂ ಒಂದೊಂದರ ಮೇಲಿನ ತಡೆಯಾಜ್ಞೆಯ ಸ್ಥಿತಿಯನ್ನೂ ಪಾಲಿಕೆ ತಿಂಗಳು ತಿಂಗಳೂ ಪ್ರಕಟಿಸಲಿ. ನಾಲ್ಕು, ಕಟ್ಟುವ ಕಾರ್ಮಿಕನ ದೂರಿಗೆ ಬೆಲೆ ಇರಲಿ. ಸಿಮೆಂಟು ಎಷ್ಟು ಬಿತ್ತು, ಸರಳು ಎಷ್ಟು ದಪ್ಪದ್ದೆಂಬುದು ಮೊದಲು ತಿಳಿಯುವುದು ಕಲಸುವವನಿಗೆ, ಕಟ್ಟುವವನಿಗೆ. ಕುಸಿದಾಗ ಮೊದಲು ಸಾಯುವವನೂ ಅವನೇ. ದೂರಿತ್ತವನ ಕೂಲಿ ತಪ್ಪದಂತೆ ರಕ್ಷಣೆ ಬೇಕು. ಐದು, ಬದಲಿ ನಿವೇಶನ ತೋರಿಸದೆ ಒಂದೇ ಒಂದು ಗುಡಿಸಲನ್ನೂ ಕೀಳಕೂಡದು.

ಇವುಗಳಲ್ಲಿ ಮೊದಲ ಮೂರಕ್ಕೆ ಖರ್ಚು ಕಡಿಮೆ, ಮನಸ್ಸು ಹೆಚ್ಚು ಬೇಕು. ಚುನಾಯಿತ ಸಭೆ ಇರುವ ಊರುಗಳಲ್ಲಿ ಸದಸ್ಯರು ಮುಂದಿನ ಸಭೆಯಲ್ಲೇ ಈ ಪ್ರಶ್ನೆಗಳನ್ನೆತ್ತಲಿ. ಸಭೆ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿರುವ ಊರುಗಳಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಕಚೇರಿಯ ಬಾಗಿಲಿಗೆ ಹೋಗೋಣ. ಅಕ್ಕಪಕ್ಕದವರು ವಾರ್ಡು ವಾರ್ಡಿನಲ್ಲಿ ಸಮಿತಿ ಕಟ್ಟಿಕೊಂಡು, ಏಳುತ್ತಿರುವ ಪ್ರತಿಯೊಂದು ಕಟ್ಟಡದ ಮುಂದೆ ನಿಂತು 'ನಕ್ಷೆ ಎಲ್ಲಿ?' ಎಂದು ಕೇಳಲಿ. ನೋಡಬೇಕಾದವರು ನೋಡದಿದ್ದಾಗ ಜನತೆಯೇ ನೋಡಬೇಕಾಗುತ್ತದೆ. ಕೂಲಿಗಾರನ ಹೆಣದ ಮೇಲೆ ಹಾರ ಹಾಕುವ ಸರ್ಕಾರ ನಮಗೆ ಬೇಡ. ಅವನು ಸಂಜೆ ಜೀವಂತವಾಗಿ ಮನೆ ಸೇರುವಂತೆ ನೋಡಿಕೊಳ್ಳುವ ಆಡಳಿತ ಬೇಕು.