‘ಧ್ವನಿ ಅವರದ್ದೇ ಅಲ್ವಾ?’ ಆಡಿಯೊ ಕ್ಲಿಪ್ ನಂಬುವ ಮೊದಲು ಟ್ಯಾಲಿ, ಎಕ್ಸೆಲ್, ಫೋಟೊ ಜೊತೆ ಹೋಲಿಸಿ ನೋಡಿ

ವಾಟ್ಸಾಪ್ ಗ್ರೂಪಿನಲ್ಲಿ ಯಾರದಾದರೂ ಆಡಿಯೊ ಬಂದಾಗ ಒಂದು ಮಾತು ಕೇಳಿಬರುತ್ತದೆ: “ಫೋಟೊ ಬೇಕಾದ್ರೆ ಎಡಿಟ್ ಮಾಡಬಹುದು. ಇದು ಅವರದೇ ಧ್ವನಿ, ಸುಳ್ಳಾಗೋಕೆ ಹೇಗೆ ಸಾಧ್ಯ?”

ಈ ಮಾತು ಅರ್ಧ ಮಾತ್ರ ಸರಿ. ಧ್ವನಿ ಅವರದ್ದೇ ಇರಬಹುದು, ಒಂದೊಂದು ಪದವೂ ಅವರದ್ದೇ ಇರಬಹುದು. ಆದರೂ ಆ ಮಾತು ಅವರದ್ದಲ್ಲದೇ ಇರಬಹುದು. ಇದು ಹೇಗೆಂದು ತಿಳಿಯಲು ಆಡಿಯೊ ಎಡಿಟ್ ಮಾಡುವ ಸಾಫ್ಟ್‌ವೇರನ್ನು ನಾವು ದಿನವೂ ಬಳಸುವ ಬೇರೆ ಸಾಫ್ಟ್‌ವೇರ್‌ಗಳ ಪಕ್ಕದಲ್ಲಿಟ್ಟು ನೋಡಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ಬದಲಾಯಿಸಿದ ಗುರುತು ಎಲ್ಲಿ ಉಳಿಯುತ್ತದೆ?

ಒಂದು ಉದಾಹರಣೆ

ಬೆಂಗಳೂರಿನ ರಾಮಮೂರ್ತಿ ನಗರದ ಒಂದು ಬಡಾವಣೆಯ ಗ್ರೂಪ್ ಎಂದು ಊಹಿಸಿಕೊಳ್ಳಿ. ಟ್ಯಾಂಕರ್ ನೀರು, ಕಸದ ಗಾಡಿ, ಕರೆಂಟ್ ಹೋಗಿದ್ದು, ಸಂಘಕ್ಕೆ ಕಟ್ಟಬೇಕಾದ ಹಣ, ಎಲ್ಲದರ ಚರ್ಚೆ ಅಲ್ಲೇ. ಸಂಘದ ಕಾರ್ಯದರ್ಶಿ ಒಂದು ವಾಯ್ಸ್ ಮೆಸೇಜ್ ಹಾಕುತ್ತಾರೆ:

“ಟ್ಯಾಂಕರ್ ದುಡ್ಡು ನಾನೇ ಇಟ್ಕೊಂಡಿದ್ದೀನಿ ಅಂತ ಕೆಲವರು ಹೇಳ್ಕೊಂಡು ತಿರುಗ್ತಿದ್ದಾರೆ. ಭಾನುವಾರ ಬನ್ನಿ, ಲೆಕ್ಕ ತೋರಿಸ್ತೀನಿ.”

ಇದರ ಬಾಲ ಕತ್ತರಿಸಿದರೆ ಉಳಿಯುವುದು ಇಷ್ಟು: “ಟ್ಯಾಂಕರ್ ದುಡ್ಡು ನಾನೇ ಇಟ್ಕೊಂಡಿದ್ದೀನಿ.”

ಹೊಸದಾಗಿ ಒಂದು ಪದವನ್ನೂ ಸೇರಿಸಿಲ್ಲ, ನಡುವೆ ಎಲ್ಲೂ ಅಂಟಿಸಿಲ್ಲ. ಆರೋಪವನ್ನು ಅಲ್ಲಗಳೆದ ಮನುಷ್ಯ ತಪ್ಪೊಪ್ಪಿಕೊಂಡಂತೆ ಕೇಳಿಸುತ್ತದೆ.

ಇದಕ್ಕೆ ಕನ್ನಡದ ವಾಕ್ಯರಚನೆಯೂ ಒಂದು ಕಾರಣ. ಯಾರು ಹೇಳಿದ್ದು, ನಿಜವೋ ಸುಳ್ಳೋ, ಆಯಿತೋ ಇಲ್ಲವೋ ಎಂಬುದು ನಮ್ಮಲ್ಲಿ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ‘ಅಂತ’, ‘ಅಲ್ಲ’, ‘ಇಲ್ಲ’, ‘ಸುಳ್ಳು’ ಎಲ್ಲವೂ ಬಾಲದಲ್ಲಿ. “ನಾಳೆ ಶಾಲೆಗೆ ರಜೆ ಅನ್ನೋದು ಸುಳ್ಳು” ಎಂಬುದರಲ್ಲಿ ಕೊನೆಯ ಎರಡು ಪದ ಹೋದರೆ ರಜೆ ಘೋಷಣೆಯಾಯಿತು. ಈ ಕೆಲಸಕ್ಕೆ ಪರಿಣತಿ ಬೇಡ, ಫೋನಿನಲ್ಲಿ ಸಿಗುವ ಯಾವುದೇ ಟ್ರಿಮ್ ಬಟನ್ ಸಾಕು.

ಟ್ಯಾಲಿ: ಅಳಿಸಿದ್ದೂ ದಾಖಲೆಯೇ

ಈಗ ಲೆಕ್ಕದ ಸಾಫ್ಟ್‌ವೇರ್ ನೋಡೋಣ. ಅಂಗಡಿ, ಗೋದಾಮು, ಆಡಿಟರ್ ಕಚೇರಿಗಳಲ್ಲಿ ಕಾಣುವ ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿಯದು. ಲೆಕ್ಕದಲ್ಲಿ ಹಿಂದಿನ ತಾರೀಖಿಗೆ ಹೋಗಿ ಅಂಕಿ ತಿದ್ದುವುದು ಹಳೆಯ ಕಾಯಿಲೆ. ಅದಕ್ಕಾಗಿಯೇ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ, ಅಂದರೆ ಎಡಿಟ್ ಲಾಗ್, ಇರಲೇಬೇಕು. ಅದನ್ನು ಆಫ್ ಮಾಡಲು ಬರಬಾರದು. ಯಾವ ದಿನ ಏನು ಬದಲಾಯಿತು ಎಂಬುದು ಅದರಲ್ಲಿ ಉಳಿಯುತ್ತದೆ.

ಈ ನಿಯಮ ಇರುವುದು ಕಂಪನಿಗಳಿಗೆ, ಬೀದಿಯ ಪ್ರತಿಯೊಂದು ದಿನಸಿ ಅಂಗಡಿಗಲ್ಲ. ಆದರೆ ಅದರ ಹಿಂದಿನ ಯೋಚನೆ ಮುಖ್ಯ: ಹಣದ ವಿಷಯದಲ್ಲಿ ‘ಈಗ ಏನಿದೆ’ ಎಂಬುದಷ್ಟೇ ಸಾಲದು, ‘ಮೊದಲು ಏನಿತ್ತು’ ಎಂಬುದೂ ಬೇಕು.

ವರ್ಡ್, ಎಕ್ಸೆಲ್: ಅರ್ಧ ನೆನಪು

ಎಕ್ಸೆಲ್ ಫೈಲಿನಲ್ಲಿ ಮೊತ್ತ ಅನುಮಾನ ತರಿಸಿದರೆ ಆ ಚೌಕದ ಮೇಲೆ ಒತ್ತಿ ನೋಡಬಹುದು. ಲೆಕ್ಕದ ಸೂತ್ರ ಕಾಣುತ್ತದೆ. ಸೂತ್ರ ಇಲ್ಲದಿದ್ದರೂ ಮೇಲಿನ ಅಂಕಿಗಳನ್ನು ನಾವೇ ಕೂಡಿ ತಾಳೆ ನೋಡಬಹುದು. ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಆನ್ ಮಾಡಿಟ್ಟರೆ ಅಳಿಸಿದ ಸಾಲು, ಸೇರಿಸಿದ ಸಾಲು, ತಿದ್ದಿದವರ ಹೆಸರು ಎಲ್ಲವೂ ಕಾಣುತ್ತವೆ.

ಆದರೆ ಅದೇ ಫೈಲನ್ನು ಪಿಡಿಎಫ್ ಮಾಡಿ ಕಳಿಸಿದರೆ ಸೂತ್ರ ಕಾಣುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಉಳಿಯುವುದು ಚಿತ್ರ ಮಾತ್ರ. ಕೆಲಸ ಮಾಡುವ ಫೈಲ್ ಬೇರೆ, ಕಳಿಸುವ ಫೈಲ್ ಬೇರೆ. ಈ ವ್ಯತ್ಯಾಸ ನೆನಪಿರಲಿ, ಆಡಿಯೊ ವಿಷಯದಲ್ಲಿ ಇದೇ ಮುಖ್ಯ.

ಫೋಟೊ: ಹುಡುಕಲು ದಾರಿಯಿದೆ

ಫೋಟೊ ಎಡಿಟರ್‌ನಲ್ಲಿ ಕೆಲಸ ಪದರ ಪದರವಾಗಿ ನಡೆಯುತ್ತದೆ. ಕೊನೆಗೆ ಸಾಮಾನ್ಯ ಚಿತ್ರವಾಗಿ ಸೇವ್ ಮಾಡಿದಾಗ ಪದರಗಳೆಲ್ಲ ಒಂದಾಗುತ್ತವೆ. ಇಷ್ಟರ ಮಟ್ಟಿಗೆ ಇದೂ ಪಿಡಿಎಫ್‌ನಂತೆಯೇ.

ಆದರೆ ನೋಡುವವರಿಗೆ ಎರಡು ಅನುಕೂಲಗಳಿವೆ. ಒಂದು, ಚಿತ್ರ ನಿಂತಲ್ಲೇ ನಿಂತಿರುತ್ತದೆ. ದೊಡ್ಡದು ಮಾಡಿ ನೆರಳು, ಬೆರಳು, ಬೋರ್ಡಿನ ಅಕ್ಷರ ಎಲ್ಲವನ್ನೂ ನಿಧಾನವಾಗಿ ನೋಡಬಹುದು. ಎರಡು, ಗೂಗಲ್ ಲೆನ್ಸ್‌ನಂಥ ಸೌಲಭ್ಯದಲ್ಲಿ ಅದೇ ಚಿತ್ರ ಮೊದಲು ಎಲ್ಲಿ ಬಂದಿತ್ತು ಎಂದು ಹುಡುಕಬಹುದು. ಮಾತಿನ ಕ್ಲಿಪ್‌ಗೆ ಸಾಮಾನ್ಯ ಜನರ ಕೈಯಲ್ಲಿ ಇಂಥ ಸುಲಭ ಹುಡುಕಾಟವಿಲ್ಲ. ಹಾಡು ಗುರುತಿಸುವ ಆ್ಯಪ್‌ಗಳಿಗೆ ನಿಮ್ಮ ಬಡಾವಣೆಯ ಕಾರ್ಯದರ್ಶಿಯ ಮಾತು ಗೊತ್ತಿರುವುದಿಲ್ಲ.

ಆಡಿಯೊ ಎಡಿಟರ್: ಬೆಸುಗೆ ಕೇಳಿಸದಿರುವುದೇ ಗುಣ

ಆಡಿಯೊ ಎಡಿಟಿಂಗ್‌ನಲ್ಲಿ ಎಲ್ಲರಿಗೂ ಪರಿಚಿತ ಹೆಸರು ಆಡಾಸಿಟಿ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ 2000ದಲ್ಲಿ ಬಿಡುಗಡೆಯಾದ ಉಚಿತ ಸಾಫ್ಟ್‌ವೇರ್ ಇದು. ಪಾಡ್‌ಕಾಸ್ಟ್ ಮಾಡುವವರು, ಪಾಠ ರೆಕಾರ್ಡ್ ಮಾಡುವ ಮೇಷ್ಟ್ರು, ಹಾಡು ಕಲಿಯುವವರು ಎಲ್ಲರೂ ಬಳಸುತ್ತಾರೆ.

ಕಂಪ್ಯೂಟರಿಗೆ ಧ್ವನಿ ಎಂದರೆ ಅಂಕಿಗಳ ಸಾಲು. ಸಿಡಿ ಗುಣಮಟ್ಟದಲ್ಲಿ ಒಂದು ಸೆಕೆಂಡಿಗೆ 44,100 ಅಂಕಿಗಳು. ಪರದೆಯ ಮೇಲೆ ಅದು ಏರಿಳಿಯುವ ಅಲೆಯಂತೆ ಕಾಣುತ್ತದೆ. ಬೇಡದ ಭಾಗವನ್ನು ಮೌಸಿನಲ್ಲಿ ಆರಿಸಿ ಡಿಲೀಟ್ ಒತ್ತಿದರೆ ಎರಡೂ ಬದಿ ಬಂದು ಕೂಡಿಕೊಳ್ಳುತ್ತವೆ. ಹಾಗೇ ಬಿಟ್ಟರೆ ಸೇರಿದ ಜಾಗದಲ್ಲಿ ‘ಟಕ್’ ಎಂಬ ಸದ್ದು ಬರಬಹುದು. ಅದನ್ನು ತಪ್ಪಿಸಲು ಅಲೆ ಸೊನ್ನೆ ಮುಟ್ಟುವ ಜಾಗದಲ್ಲೇ ಕತ್ತರಿಸುತ್ತಾರೆ, ಅಥವಾ ಒಂದು ತುಣುಕು ಕರಗುತ್ತಾ ಹೋದಂತೆ ಇನ್ನೊಂದು ಏರುವಂತೆ ಮಾಡುತ್ತಾರೆ. ಅದಕ್ಕೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಕಿವಿಗೆ ಬೆಸುಗೆ ಗೊತ್ತಾಗುವುದಿಲ್ಲ.

ಇದು ಮೋಸಕ್ಕೆಂದು ಮಾಡಿದ್ದಲ್ಲ. ಸಂದರ್ಶನದಲ್ಲಿ ಬಂದ ಕೆಮ್ಮು, ತಡವರಿಕೆ, ಹೊರಗಿನ ಹಾರ್ನ್ ತೆಗೆಯಲು ಇವೆಲ್ಲ ಬೇಕು. ಕೇಳುಗರಿಗೆ ಗೊತ್ತಾಗದಂತೆ ಕತ್ತರಿಸುವವರೇ ಒಳ್ಳೆಯ ಆಡಿಯೊ ಎಡಿಟರ್. ತಿದ್ದಿದ್ದನ್ನು ತೋರಿಸಿದರೆ ಒಳ್ಳೆಯ ಲೆಕ್ಕದ ಸಾಫ್ಟ್‌ವೇರ್, ತಿದ್ದಿದ್ದನ್ನು ಮರೆಮಾಚಿದರೆ ಒಳ್ಳೆಯ ಆಡಿಯೊ ಸಾಫ್ಟ್‌ವೇರ್. ಎರಡರ ಉದ್ದೇಶವೇ ಬೇರೆ.

ಆಡಾಸಿಟಿಯಲ್ಲೂ ಕೆಲಸದ ಫೈಲ್ ಬೇರೆ ಇರುತ್ತದೆ, ಅದಕ್ಕೆ ಪ್ರಾಜೆಕ್ಟ್ ಎನ್ನುತ್ತಾರೆ. ಅದನ್ನು ಮುಚ್ಚಿದ ಮೇಲೆ ಹಿಂದಿನ ಹೆಜ್ಜೆಗಳಿಗೆ ಮರಳುವ ಅನ್‌ಡು ಪಟ್ಟಿಯೂ ಉಳಿಯುವುದಿಲ್ಲ. ಹೊರಗೆ ಹೋಗುವುದು ಎಂಪಿ3 ಥರದ ಒಂದು ಸಿದ್ಧ ಫೈಲ್. ಎಕ್ಸೆಲ್‌ಗೆ ಪಿಡಿಎಫ್ ಹೇಗೋ ಇದಕ್ಕೆ ಎಂಪಿ3 ಹಾಗೆ. ಎಡಿಟ್ ಆದ ಕ್ಲಿಪ್ ಗ್ರೂಪಿಗೆ ಬರುವುದು ಹೀಗೆ ಸಿದ್ಧವಾದ ರೂಪದಲ್ಲೇ. ಕತ್ತರಿಸಿ ಬಿಸಾಡಿದ ಭಾಗ ಅದರೊಳಗೆ ಎಲ್ಲೂ ಇರುವುದಿಲ್ಲ.

ಬಾಲ ಕತ್ತರಿಸಿದ್ದಕ್ಕೆ ತೆತ್ತ ಬೆಲೆ

ಇದೇನು ಬರೀ ಬಡಾವಣೆಯ ಜಗಳದ ವಿಷಯ ಎನ್ನಬೇಡಿ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ದೇಶದ ಹಲವೆಡೆ ಹಬ್ಬಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ಒಂದು ವಿಡಿಯೊ ಆಗ ಫೋನಿಂದ ಫೋನಿಗೆ ಓಡಾಡಿತು. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ವಿಡಿಯೊ. ಮೂಲದಲ್ಲಿ ಬೈಕಿನವರು ಮರಳಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಸಂದೇಶ ತೋರಿಸುತ್ತಾರೆ. ಫಾರ್ವರ್ಡ್ ಆದ ವಿಡಿಯೊದಲ್ಲಿ ಆ ಕೊನೆಯ ಭಾಗ ಇರಲಿಲ್ಲ. ಕತ್ತರಿಸಿದ್ದು ಬಾಲವನ್ನಷ್ಟೇ.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ಗುಮಾನಿಯಿಂದ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದರು, ಆತ ಸತ್ತ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರು ಇದೇ ವದಂತಿಗೆ ಬಲಿಯಾದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಹೇರುವುದಾಗಿ ಪ್ರಕಟಿಸಿತು.

ಎಐ ಬಂದ ಮೇಲಷ್ಟೇ ಈ ಭಯವೇ?

ಎಐ ಇಂದು ಒಬ್ಬರ ಧ್ವನಿಯನ್ನು ಅನುಕರಿಸಿ, ಅವರು ಆಡದ ಮಾತನ್ನೂ ಆಡಿಸಬಲ್ಲದು. ಅದು ನಿಜವಾದ ಅಪಾಯ. ಆದರೆ “ಇದು ಎಐ ಅಲ್ಲ, ಅಸಲಿ ಧ್ವನಿ” ಎಂದು ಸಾಬೀತಾದರೂ ಕ್ಲಿಪ್ ಪೂರ್ತಿಯಾಗಿದೆ ಎಂದು ಸಾಬೀತಾದಂತಲ್ಲ. ಎಐ ಪತ್ತೆ ಮಾಡುತ್ತೇವೆ ಎನ್ನುವ ಆ್ಯಪ್ ಹುಡುಕುವುದು ಯಂತ್ರ ಹುಟ್ಟಿಸಿದ ಧ್ವನಿಯನ್ನು. ಕತ್ತರಿಸಿ ತೆಗೆದ ಸಾಲು ಏನಾಗಿತ್ತೆಂದು ಅದು ಹೇಳಲಾರದು.

ಲ್ಯಾಬಿಗೆ ಕಳಿಸಿದರೆ ಗೊತ್ತಾಗಲ್ವಾ?

ಎಷ್ಟೋ ಸಲ ಗೊತ್ತಾಗುತ್ತದೆ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಇಂಥ ಕಡೆ ತಜ್ಞರು ಮಾತಿನ ಹಿಂದಿನ ಸದ್ದನ್ನು ಗಮನಿಸುತ್ತಾರೆ. ಫ್ಯಾನಿನ ಸದ್ದು ಮಧ್ಯದಲ್ಲಿ ಜಿಗಿಯಿತೇ? ಕೋಣೆಯ ಪ್ರತಿಧ್ವನಿ ಬದಲಾಯಿತೇ? ನಮ್ಮ ಕರೆಂಟ್ 50 ಹರ್ಟ್ಸ್‌ನದು, ಅದರ ಸಣ್ಣ ಗುಂಯ್‌ಗುಡುವಿಕೆ ಕೆಲವು ರೆಕಾರ್ಡಿಂಗ್‌ಗಳಲ್ಲಿ ಸೇರಿಕೊಂಡಿರುತ್ತದೆ. ಕತ್ತರಿಸಿದಲ್ಲಿ ಅದರ ಲಯ ತಪ್ಪಿರಬಹುದು.

ಆದರೆ ಇದಕ್ಕೆ ಮೂಲ ಫೈಲ್ ಸಿಕ್ಕಷ್ಟೂ ಒಳ್ಳೆಯದು. ವಾಟ್ಸಾಪ್ ವಾಯ್ಸ್ ಮೆಸೇಜ್ ಆಪಸ್ ಎಂಬ ವಿಧಾನದಲ್ಲಿ ಕುಗ್ಗಿದ ಫೈಲ್. ಕಿವಿಗೆ ಅಷ್ಟಾಗಿ ಬೇಡದ ಸೂಕ್ಷ್ಮ ವಿವರಗಳನ್ನು ಅದು ಮೊದಲೇ ಬಿಟ್ಟಿರುತ್ತದೆ. ಎಡಿಟ್ ಮಾಡಿ ಮತ್ತೆ ಕುಗ್ಗಿಸಿದರೆ ಇನ್ನಷ್ಟು ಹೋಗುತ್ತದೆ. ಒಂದು ಫೋನಿನಲ್ಲಿ ನುಡಿಸಿ ಇನ್ನೊಂದರಲ್ಲಿ ರೆಕಾರ್ಡ್ ಮಾಡಿದರೆ ಹಳೆಯ ಗುರುತುಗಳ ಮೇಲೆ ಹೊಸ ಕೋಣೆಯ ಸದ್ದೇ ಬಂದು ಕೂರುತ್ತದೆ.

ಕಾನೂನೂ ಕ್ಲಿಪ್ ಕೇಳಿದ ಕೂಡಲೇ ನಂಬುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ, ಒಂದು ಅಂಕಿ ಬದಲಾದರೂ ಅದು ಬೇರೆಯಾಗುತ್ತದೆ. ಆದರೆ ಹ್ಯಾಶ್ ತೆಗೆಯುವ ಮೊದಲೇ ಕತ್ತರಿಸಿದ್ದರೆ ಅದನ್ನು ಹ್ಯಾಶ್ ಹೇಳುವುದಿಲ್ಲ. ಹಾಗಾಗಿ ರೆಕಾರ್ಡ್ ಆದ ಫೋನು, ಮೂಲ ಫೈಲು ಎರಡಕ್ಕೂ ಬೆಲೆ ಹೆಚ್ಚು.

ಹಾಗಾದರೆ ಏನು ಮಾಡಬೇಕು?

1. ಶುರು ಮತ್ತು ಕೊನೆ ಕೇಳಿ. ಮಾತು ಮುಗಿಯುವಾಗ ಸಾಮಾನ್ಯವಾಗಿ ದನಿ ಇಳಿಯುತ್ತದೆ. ಏರುದನಿಯಲ್ಲೇ ಗಕ್ಕನೆ ನಿಂತರೆ, ಮುಂದೆ ಏನೋ ಇತ್ತು ಎಂದು ಅನುಮಾನಿಸಿ.

2. ಹಿನ್ನೆಲೆಯ ಸದ್ದನ್ನಷ್ಟೇ ಗಮನಿಸುತ್ತಾ ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಕೇಳಿ. ಟ್ರಾಫಿಕ್, ಫ್ಯಾನ್, ಟಿವಿ ಸದ್ದು ನಡುವೆ ಹಠಾತ್ತನೆ ಬದಲಾದರೆ ಎಚ್ಚರ. ಬದಲಾಗದಿದ್ದರೆ ‘ಅಸಲಿ’ ಎಂದೂ ತೀರ್ಮಾನಿಸಬೇಡಿ.

3. ಪೂರ್ತಿ ರೆಕಾರ್ಡಿಂಗ್ ಕೇಳಿ ಪಡೆಯಿರಿ. “ಇದು ಎಷ್ಟು ನಿಮಿಷದ್ದು? ಮೊದಲು ಕಳಿಸಿದ್ದು ಯಾರು?” ಉತ್ತರ ಸಿಗದಿದ್ದರೆ ಫಾರ್ವರ್ಡ್ ಅಲ್ಲಿಗೇ ನಿಲ್ಲಲಿ.

4. ಧ್ವನಿ ಯಾರದ್ದೋ ಅವರಿಗೇ ಒಂದು ಫೋನ್ ಮಾಡಿ. ಬಡಾವಣೆಯ ವಿಷಯವಾದರೆ ಅವರ ಮನೆ ಎರಡು ರಸ್ತೆ ಆಚೆ ಇರುತ್ತದೆ.

5. ಹಣದ ಆರೋಪವಾದರೆ ಕ್ಲಿಪ್ ಬಿಟ್ಟು ಲೆಕ್ಕದ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ. ತಿದ್ದಿದರೆ ಗುರುತು ಉಳಿಯುವ ಜಾಗ ಅದು.

6. ಬೆದರಿಕೆ, ವಂಚನೆಯ ಆಡಿಯೊ ನಿಮಗೇ ಬಂದಿದ್ದರೆ ಮೂಲ ಮೆಸೇಜ್ ಅಳಿಸಬೇಡಿ, ಟ್ರಿಮ್ ಮಾಡಬೇಡಿ. ಅದೇ ಫೋನಿನಲ್ಲಿ ಉಳಿಸಿಕೊಂಡು ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಆನ್‌ಲೈನ್ ಹಣದ ವಂಚನೆಯಾದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಧ್ವನಿ ಯಾರದ್ದು ಎಂದು ಗುರುತಿಸುವುದರಲ್ಲಿ ನಮ್ಮ ಕಿವಿ ಜಾಣ. ಆ ಧ್ವನಿ ಕೊನೆಗೆ ಏನು ಹೇಳಿತ್ತು ಎಂಬುದು ಬಾಲ ಕತ್ತರಿಸಿದ ಕ್ಲಿಪ್‌ನಲ್ಲಿ ಯಾವ ಕಿವಿಗೂ ಕೇಳಿಸದು. ಮುಂದಿನ ಸಲ ಗ್ರೂಪಿನಲ್ಲಿ ಯಾರಾದರೂ “ಧ್ವನಿ ಅವರದ್ದೇ ಅಲ್ವಾ?” ಎಂದರೆ, “ಹೌದು, ಪೂರ್ತಿ ಆಡಿಯೊ ಎಲ್ಲಿದೆ?” ಎಂದು ಕೇಳಿ.