ಮೆಹಂದಿ ಹಚ್ಚುವ ಕೈ ಯಾರದ್ದಾಗಿರಬೇಕು?

ಕಿಶೋರ್ ಕುಮಾರ್ ನೆನಪಿನ ಟಿ.ವಿ. ಕಾರ್ಯಕ್ರಮಗಳಲ್ಲಿ ಓರ್ವ ಹಿರಿಯ ಮಹಿಳೆಯನ್ನು ಅತಿಥಿಯಾಗಿ ಕೂರಿಸುವುದುಂಟು. ನಿರೂಪಕರು ಆಕೆಯನ್ನು ಕಿಶೋರ್ ಪತ್ನಿ ಎಂದು ಪರಿಚಯಿಸುತ್ತಾರೆ. ಹಳೆಯ ತಲೆಮಾರಿನವರು ಆಕೆಯನ್ನು ಹಿಂದಿ ಚಿತ್ರನಟಿ ಲೀನಾ ಚಂದಾವರ್ಕರ್ ಎಂದು ಗುರುತಿಸುತ್ತಾರೆ. ಆದರೆ 1950ರಲ್ಲಿ ಆಕೆ ಹುಟ್ಟಿದ್ದು ಧಾರವಾಡದಲ್ಲಿ ಎಂಬುದು ಹುಬ್ಬಳ್ಳಿ-ಧಾರವಾಡದ ಎಷ್ಟು ಮಂದಿಗೆ ಗೊತ್ತಿದೆಯೋ!

ಸೇನಾಧಿಕಾರಿಯ ಮಗಳು. ಹೊಸಮುಖಗಳ ಸ್ಪರ್ಧೆಯೊಂದರಲ್ಲಿ ಗಮನ ಸೆಳೆದು, ಜಾಹೀರಾತುಗಳಲ್ಲಿ ಕಾಣಿಸಿಕೊಂಡು, 1960ರ ದಶಕದ ಕೊನೆಯಲ್ಲಿ ಸುನೀಲ್ ದತ್ತರ 'ಮನ್ ಕಾ ಮೀತ್' ಮೂಲಕ ಚಿತ್ರರಂಗ ಪ್ರವೇಶಿಸಿದರು. 1970ರಲ್ಲಿ 'ಹಮ್‌ಜೋಲಿ', 1973ರಲ್ಲಿ 'ಮನ್‌ಚಲೀ', 1974ರಲ್ಲಿ 'ಬಿದಾಯಿ', 1976ರಲ್ಲಿ ದಿಲೀಪ್ ಕುಮಾರ್ ನಾಯಕರಾಗಿದ್ದ 'ಬೈರಾಗ್'. ಈ ನಡುವೆ 1971ರಲ್ಲಿ ರಾಜೇಶ್ ಖನ್ನಾ ಜೊತೆ 'ಮೆಹಬೂಬ್ ಕೀ ಮೆಹಂದಿ'. ಮುಸ್ಲಿಮ್ ಕುಟುಂಬದ ಆ ಕತೆಯಲ್ಲಿ ಶಬಾನಾ ಎಂಬ ಯುವತಿಯ ಪಾತ್ರ ಧಾರವಾಡದ ಈ ಹೆಣ್ಣುಮಗಳದ್ದು. ಸಿನಿಮಾ ಉದ್ಯಮವು ಹೆಣ್ಣನ್ನು ಬಳಸಿಕೊಳ್ಳುವ ಬಗೆಗೆ ನಮ್ಮ ತಕರಾರು ಇದ್ದೇ ಇದೆ. ಆದರೆ ಇಲ್ಲಿ ನಾನು ಬರೆಯಲು ಹೊರಟಿರುವುದು ಪರದೆಯ ಮೇಲಿನ ಆಕೆಯ ಬದುಕಿನ ಬಗ್ಗೆ ಅಲ್ಲ.

1975ರ ಡಿಸೆಂಬರ್‌ನಲ್ಲಿ ಲೀನಾರ ವಿವಾಹ ನಡೆಯಿತು. ವರ ಸಿದ್ಧಾರ್ಥ ಬಾಂದೋಡ್ಕರ್, ಗೋವಾದ ಪ್ರಥಮ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್‌ರ ಪುತ್ರ. ಮದುವೆಯಾಗಿ ಕೆಲವೇ ದಿನಗಳಲ್ಲಿ ಅವರ ಬಂದೂಕಿನಿಂದಲೇ ಆಕಸ್ಮಿಕವಾಗಿ ಗುಂಡು ಹಾರಿತು. ತಿಂಗಳುಗಟ್ಟಲೆ ಚಿಕಿತ್ಸೆ ನಡೆದರೂ ಫಲಿಸದೆ 1976ರಲ್ಲಿ ಅವರು ತೀರಿಕೊಂಡರು. ಇಪ್ಪತ್ತೈದರ ಆಸುಪಾಸಿನಲ್ಲಿಯೇ ವಿಧವೆಯಾದ ಲೀನಾ ತವರಿಗೆ ಮರಳಿದರು. ತನ್ನನ್ನು 'ಮಂಗಳೀಕ' ಎಂದು ಜನರು ಜರೆದುದನ್ನು, ಗಂಡನ ಸಾವಿಗೆ ತನ್ನನ್ನೇ ಹೊಣೆಯಾಗಿಸಿ ಆಡಿದ ಮಾತುಗಳನ್ನು ಆಕೆ ಬಳಿಕ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ. ಸಿಡಿದದ್ದು ಬಂದೂಕು. ಅಪರಾಧಿ ಹೆಂಡತಿ! ದೇಶವೇ ಬಲ್ಲ ನಟಿಯ ಗತಿಯೇ ಇದಾದರೆ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತ ವಿಧವೆಯ ಗತಿಯೇನು?

1980ರಲ್ಲಿ ಲೀನಾ ಕಿಶೋರ್ ಕುಮಾರ್‌ರನ್ನು ವಿವಾಹವಾದರು. ಅವರು ಆಕೆಗಿಂತ ಇಪ್ಪತ್ತೊಂದು ವರ್ಷ ಹಿರಿಯರು, ಮತ್ತು ಅದು ಅವರಿಗೆ ನಾಲ್ಕನೆಯ ವಿವಾಹ. ಅವರ ಎರಡನೆಯ ಪತ್ನಿ ಮಧುಬಾಲಾ, ಅಂದರೆ ಮುಮ್ತಾಝ್ ಜಹಾನ್ ಬೇಗಂ, ಹೃದಯರೋಗದಿಂದ ನರಳಿ 1969ರಲ್ಲಿ ತೀರಿಹೋಗಿದ್ದರು. ಮಧುಬಾಲಾರನ್ನು ಕಿಶೋರ್ ಕುಮಾರ್ ನುಂಗಿದರೆಂದು ಯಾರಾದರೂ ಹೇಳಿದರೇ? ಅವರ ಜಾತಕ ಕೆಟ್ಟದ್ದೆಂದು ಯಾರಾದರೂ ಶುಭಕಾರ್ಯಕ್ಕೆ ಕರೆಯುವುದನ್ನು ಬಿಟ್ಟರೇ? ಹೆಂಡತಿ ಸತ್ತರೆ ಗಂಡ ನತದೃಷ್ಟ. ಗಂಡ ಸತ್ತರೆ ಹೆಂಡತಿ ಅನಿಷ್ಟ. 1987ರ ಅಕ್ಟೋಬರ್ 13ರಂದು ಕಿಶೋರ್ ಕೂಡ ನಿಧನರಾದಾಗ ಲೀನಾರಿಗೆ ಮೂವತ್ತೇಳು ವರ್ಷ, ಮಡಿಲಲ್ಲಿ ಸಣ್ಣ ಮಗ.

ಇದನ್ನು ಓದಿದ ಕೂಡಲೇ ನಮ್ಮಲ್ಲಿ ಅನೇಕರು ಸಮಾಧಾನದ ನಿಟ್ಟುಸಿರು ಬಿಟ್ಟಿರಬಹುದು. ಜಾತಕ, ಕುಜದೋಷ, ಮಂಗಳೀಕ ಇವೆಲ್ಲ ನಮ್ಮಲ್ಲಿಲ್ಲವಲ್ಲ, ಇಸ್ಲಾಮ್ ವಿಧವೆಗೆ ಮರುವಿವಾಹದ ಹಕ್ಕು ಕೊಟ್ಟಿದೆಯಲ್ಲ ಎಂದು. ನಿಜ, ಕೊಟ್ಟಿದೆ. ನಾವು ಕೊಟ್ಟಿದ್ದೇವೆಯೇ?

ನಮ್ಮ ಯಾವುದಾದರೂ ಮದುವೆ ಮನೆಗೆ ಹೋಗಿ ನೋಡಿ. ವಧುವಿಗೆ ಅರಿಶಿಣ ಹಚ್ಚುವ ಹೊತ್ತಿನಲ್ಲಿ, ಮೆಹಂದಿಯ ತಟ್ಟೆ ಮುಂದೆ ಬರುವ ಹೊತ್ತಿನಲ್ಲಿ ಮನೆಯ ಹಿರಿಯಳೋರ್ವಳು 'ಸುಹಾಗನ್'ಗಳನ್ನು ಹೆಸರಿಡಿದು ಕರೆಯುತ್ತಾಳೆ. ಆಗ ಅದೇ ಮನೆಯ ವಿಧವೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಬಿರಿಯಾನಿಯ ಈರುಳ್ಳಿ ಹೆಚ್ಚುತ್ತಿರುತ್ತಾಳೆ. ಆಕೆಯನ್ನು ಯಾರೂ ತಡೆಯುವುದಿಲ್ಲ. ತಡೆಯುವ ಅಗತ್ಯವೇ ಇಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಆಕೆ ಅದಾಗಲೇ ಕಲಿತಿರುತ್ತಾಳೆ. ಸುಹಾಗನ್‌ಗಳು ಮಾತ್ರ ಮೆಹಂದಿ ಹಚ್ಚಬೇಕೆಂಬ ನಿಯಮ ಯಾವ ಗ್ರಂಥದಲ್ಲಿದೆ?

ಇನ್ನು ಜನಾಝಾದ ದಿನದ ಸಂಗತಿ. ಮಯ್ಯಿತ್ ಹೊರಡುವ ಮುನ್ನ, ಅಳುತ್ತಾ ಕುಳಿತ ಪತ್ನಿಯ ಬಳಿ ಬಂದು 'ಮಹ್ರ್ ಮಾಫ್ ಮಾಡಿಬಿಡು' ಎಂದು ಹೇಳಿಸುವ ಪದ್ಧತಿ ಅನೇಕ ಕಡೆ ಇದೆ. ಮಹ್ರ್ ಎಂಬುದು ಪತಿಯ ಮೇಲಿರುವ ಸಾಲ. ಆಸ್ತಿ ಹಂಚುವ ಮೊದಲು ತೀರಿಸಬೇಕಾದುದು. ಬಳಿಕವೂ ಮಕ್ಕಳಿದ್ದರೆ ಎಂಟನೇ ಒಂದು, ಮಕ್ಕಳಿಲ್ಲದಿದ್ದರೆ ನಾಲ್ಕನೇ ಒಂದು ಪಾಲು ಆಕೆಯದ್ದೆಂದು ಕುರ್‌ಆನ್ (4:12) ಲೆಕ್ಕ ಹಾಕಿ ಕೊಟ್ಟಿದೆ. ಗಂಡನ ಶವದ ಮುಂದೆ ಕುಳಿತ ಹೆಣ್ಣಿನಿಂದ ಸಾಲ ಮನ್ನಾ ಮಾಡಿಸಿಕೊಳ್ಳುವುದಕ್ಕೆ ಏನೆಂದು ಹೆಸರಿಡೋಣ? ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನಗಳ ಲೆಕ್ಕವನ್ನು ಮಾತ್ರ ಇಡೀ ಮೊಹಲ್ಲಾ ಬೆರಳು ಮಡಚಿ ಎಣಿಸುತ್ತದೆ. ಆಕೆ ಬಾಗಿಲಲ್ಲಿ ನಿಂತಳೇ, ಯಾರೊಂದಿಗೆ ಮಾತಾಡಿದಳು, ಯಾವ ಬಣ್ಣದ ಬಟ್ಟೆ ಉಟ್ಟಳು! ಆ ಅವಧಿ ಮುಗಿದ ಬಳಿಕ ಆಕೆ ತನ್ನ ಬಗ್ಗೆ ತಾನೇ ನ್ಯಾಯೋಚಿತವಾಗಿ ನಿರ್ಧರಿಸಿಕೊಂಡರೆ ನಿಮ್ಮ ಮೇಲೆ ದೋಷವಿಲ್ಲ ಎಂಬುದು ಅದೇ ಸೂಕ್ತದ (2:234) ಉತ್ತರಾರ್ಧದ ತಾತ್ಪರ್ಯ. ಪೂರ್ವಾರ್ಧವನ್ನು ಬಾಯಿಪಾಠ ಮಾಡಿದವರಿಗೆ ಉತ್ತರಾರ್ಧ ಏಕೆ ಮರೆತುಹೋಯಿತು?

ಮದೀನಾದಲ್ಲಿ ಆತಿಕಾ ಬಿಂತ್ ಝೈದ್(ರ) ಎಂಬ ಮಹಿಳೆ ಇದ್ದರು. ಅವರ ಪತಿ ಅಬ್ದುಲ್ಲಾ ಬಿನ್ ಅಬೂಬಕರ್(ರ) ಯುದ್ಧದಲ್ಲಿ ಆದ ಗಾಯದಿಂದ ತೀರಿಕೊಂಡರು. ಬಳಿಕ ಅವರನ್ನು ವರಿಸಿದ ಉಮರ್(ರ) ಹತ್ಯೆಗೀಡಾದರು. ಆ ನಂತರ ವರಿಸಿದ ಝುಬೈರ್(ರ) ಕೂಡ ಹತ್ಯೆಗೀಡಾದರು. ನಮ್ಮ ಊರಿನಲ್ಲಾಗಿದ್ದರೆ ಆಕೆಯ ನೆರಳು ಬೀಳದಂತೆ ಜನ ರಸ್ತೆ ಬದಲಿಸುತ್ತಿದ್ದರು. ಮದೀನಾದ ಜನರ ನಡುವೆ ಇದ್ದ ಮಾತು ಬೇರೆಯೇ: ಹುತಾತ್ಮನಾಗುವ ಆಸೆ ಉಳ್ಳವನು ಆತಿಕಾರನ್ನು ಮದುವೆಯಾಗಲಿ! ಸಂಭವಿಸಿದ್ದು ಅದೇ ಸಾವು, ಅದೇ ವೈಧವ್ಯ. ನೋಡುವ ಕಣ್ಣು ಮಾತ್ರ ಬೇರೆ.

ಅಸ್ಮಾ ಬಿಂತ್ ಉಮೈಸ್(ರ) ಅವರು ಜಅಫರ್(ರ) ಹುತಾತ್ಮರಾದ ಬಳಿಕ ಅಬೂಬಕರ್(ರ) ಅವರನ್ನೂ, ಅವರ ನಿಧನಾನಂತರ ಅಲಿ(ರ) ಅವರನ್ನೂ ವಿವಾಹವಾದರು. ಉಮರ್(ರ) ಅವರಂತೂ ತನ್ನ ವಿಧವೆ ಮಗಳು ಹಫ್ಸಾ(ರ) ಅವರಿಗೆ ವರ ಹುಡುಕಿಕೊಂಡು ತಾನೇ ಹೊರಟರು. ಮೊದಲು ಉಸ್ಮಾನ್(ರ) ಬಳಿ ಹೋದರು, ಅವರು ಒಪ್ಪಲಿಲ್ಲ. ಅಬೂಬಕರ್(ರ) ಬಳಿ ಕೇಳಿದರು, ಅವರು ಮೌನ ತಾಳಿದರು. ಕೊನೆಗೆ ಪ್ರವಾದಿವರ್ಯರೇ(ಸ) ಅವರನ್ನು ವರಿಸಿದರು. ವಿಧವೆ ಮಗಳಿಗಾಗಿ ಎರಡು ಬಾಗಿಲು ತಟ್ಟಿ ಬರಿಗೈಯಲ್ಲಿ ಮರಳುವುದನ್ನು ಉಮರ್‌ರಂಥ ಉಮರ್(ರ) ಅವಮಾನವೆಂದು ಭಾವಿಸಲಿಲ್ಲ. ನಮ್ಮ ತಂದೆ, ಅಣ್ಣಂದಿರು ಒಂದು ಬಾಗಿಲನ್ನಾದರೂ ತಟ್ಟಿದ್ದಾರೆಯೇ?

ಈ ರೋಗ ಇಂದು ನಿನ್ನೆಯದ್ದಲ್ಲ. ಉತ್ತರ ಭಾರತದ ಕುಲೀನ ಮುಸ್ಲಿಮ್ ಮನೆಗಳಲ್ಲಿ ವಿಧವೆಯ ಮರುವಿವಾಹವನ್ನು ಮಾನಹಾನಿ ಎಂದೇ ಬಗೆಯಲಾಗುತ್ತಿತ್ತು. ರಾಯ್‌ಬರೇಲಿಯ ಸಯ್ಯಿದ್ ಅಹ್ಮದ್ ಶಹೀದ್ 19ನೇ ಶತಮಾನದ ಆರಂಭದಲ್ಲಿ ಬರೇ ಉಪದೇಶ ಮಾಡುತ್ತಾ ಕೂರಲಿಲ್ಲ. ತನ್ನ ಅಣ್ಣನ ವಿಧವೆಯನ್ನು ತಾನೇ ವಿವಾಹವಾಗಿ ಆ ಸುನ್ನತನ್ನು ಮತ್ತೆ ಜೀವಂತಗೊಳಿಸಿದರು. ಅದಾಗಿ ದಶಕಗಳ ಬಳಿಕ, 1884ರಲ್ಲಿ, ಅಲ್ತಾಫ್ ಹುಸೇನ್ ಹಾಲಿ 'ಮುನಾಜಾತೆ ಬೇವಾ' ಬರೆದು ವಿಧವೆಯ ಅಳಲಿಗೆ ದನಿಯಾಗಬೇಕಾಯಿತು. ರೋಗ ವಾಸಿಯಾಗಿರಲಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೇ?

2019ರಲ್ಲಿ ತ್ರಿವಳಿ ತಲಾಕ್ ಕಾನೂನು ಬಂದಾಗ ಮುಸ್ಲಿಮ್ ಮಹಿಳೆಗಾಗಿ ಸಂಸತ್ತಿನಲ್ಲಿ ಹರಿದ ಕಣ್ಣೀರನ್ನು ನಾವೆಲ್ಲ ಕಂಡಿದ್ದೇವೆ. ನಾವು ಅದನ್ನು ಪ್ರಶ್ನಿಸಿದೆವು, ಪ್ರಶ್ನಿಸಬೇಕಾದುದೇ. ಆದರೆ ವಿಚ್ಛೇದಿತೆಯರಿಗಿಂತ ವಿಧವೆಯರ ಸಂಖ್ಯೆ ಹಲವು ಪಟ್ಟು ಹೆಚ್ಚು. ಅವರ ಬಗ್ಗೆ ಸರಕಾರ ಮಾತಾಡುವುದಿಲ್ಲ ನಿಜ. ನಮ್ಮ ಜುಮಾ ಖುತ್ಬಾಗಳು ಎಷ್ಟು ಬಾರಿ ಮಾತಾಡಿವೆ? ಕೋವಿಡ್‌ನ 2020 ಮತ್ತು 2021ರಲ್ಲಿ ಆಕ್ಸಿಜನ್ ಸಿಲಿಂಡರ್ ಹೊತ್ತು ಓಡಾಡಿದ, ಬೇರೆ ಸಮುದಾಯದವರ ಶವಗಳಿಗೂ ಹೆಗಲು ಕೊಟ್ಟ ನಮ್ಮ ಯುವಕರ ಬಗ್ಗೆ ಹೆಮ್ಮೆ ಇದೆ. ಆ ವರ್ಷಗಳು ಎಳೆಯ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳನ್ನು ಒಂಟಿಯಾಗಿಸಿದವು. ರೇಶನ್ ಕಿಟ್ ಅವರ ಮನೆ ತಲುಪಿತು. ನಿಕಾಹ್ ಪ್ರಸ್ತಾಪ ತಲುಪಿತೇ? ಮಸೀದಿ ಕಮಿಟಿಗಳ ಬಳಿ ಖಬರಸ್ತಾನದ ಲೆಕ್ಕ ಇದೆ, ಚಂದಾದ ಲೆಕ್ಕ ಇದೆ. ಮೊಹಲ್ಲಾದಲ್ಲಿ ಮರುವಿವಾಹಕ್ಕೆ ಸಿದ್ಧರಿರುವ ವಿಧವೆಯರೆಷ್ಟು, ವಿಧುರರೆಷ್ಟು ಎಂಬ ಒಂದು ಹಾಳೆಯ ಲೆಕ್ಕ ಯಾವ ಕಪಾಟಿನಲ್ಲಿದೆ?

ಪ್ರಸ್ತಾಪ ಬಂದರೂ ಅದರ ಹಿಂದೆಯೇ ಒಂದು ಷರತ್ತು ಬರುತ್ತದೆ: ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಬರಬೇಕು. ತಾಯಿ ಬೇಕು, ತಾಯ್ತನ ಬೇಡ. ಕಿಶೋರ್ ಕುಮಾರ್‌ರ ಮೊದಲ ಪತ್ನಿಯ ಮಗ ಅಮಿತ್ ಕುಮಾರ್ ಮತ್ತು ಮಲತಾಯಿ ಲೀನಾ, ಕಿಶೋರ್ ನಿಧನದ ಬಳಿಕವೂ ಒಂದೇ ಸೂರಿನಡಿ ಬದುಕಿದರು. ಸಿನಿಮಾ ಮಂದಿಗೆ ಸಾಧ್ಯವಾದುದು ಐದು ಹೊತ್ತು ಮಸೀದಿಗೆ ಹೋಗುವವರಿಗೆ ಸಾಧ್ಯವಾಗದೇ?

ಉಮ್ಮು ಸಲಮಾ(ರ) ಅವರ ಪತಿ ಉಹುದ್‌ನ ಗಾಯದಿಂದ ತೀರಿಹೋದಾಗ ಅವರಿಗೆ ನಾಲ್ವರು ಮಕ್ಕಳು. ಪ್ರವಾದಿವರ್ಯರ(ಸ) ಪ್ರಸ್ತಾಪ ಬಂದಾಗ ಅವರು ತನ್ನ ವಯಸ್ಸನ್ನೂ ಮಕ್ಕಳನ್ನೂ ಮುಂದಿಟ್ಟು ಹಿಂಜರಿದರು. ನಿನ್ನ ಮಕ್ಕಳು ನನ್ನ ಮಕ್ಕಳು ಎಂಬರ್ಥದ ಉತ್ತರ ಬಂತು. ಬಿಸ್ಮಿಲ್ಲಾ ಹೇಳು, ಬಲಗೈಯಲ್ಲಿ ತಿನ್ನು, ನಿನ್ನ ಮುಂದಿರುವುದನ್ನು ತಿನ್ನು ಎಂದು ನಮ್ಮ ಪ್ರತಿ ಮಗುವಿಗೂ ನಾವು ಕಲಿಸುವ ಪಾಠವಿದೆಯಲ್ಲ, ಅದನ್ನು ಪ್ರವಾದಿ(ಸ) ಮೊದಲು ಹೇಳಿಕೊಟ್ಟದ್ದು ಆ ನಾಲ್ವರಲ್ಲಿ ಒಬ್ಬನಾದ ಉಮರ್ ಬಿನ್ ಅಬೀ ಸಲಮಾ ಎಂಬ ಬಾಲಕನಿಗೆ. ಹೆಂಡತಿಯ ಮೊದಲ ಗಂಡನ ಮಗ ಅವನು. ಒಂದೇ ತಟ್ಟೆಗೆ ಕೂತು, ಕೈಯನ್ನು ತಟ್ಟೆಯ ತುಂಬ ಆಡಿಸುತ್ತಿದ್ದ.