ಕರದಂಟಿನಾಚೆ ಎರಡು ದಿನ

ಗೋಕಾಕಕ್ಕೆ ಹೋಗಿಬರುವವರ ಪ್ರವಾಸ ಬಹುಮಟ್ಟಿಗೆ ಮೂರು ತಾಸಿನದು. ಜಲಪಾತದೆದುರು ಒಂದು ಫೋಟೊ, ತೂಗುಸೇತುವೆಯ ಮೇಲೆ ನಾಲ್ಕು ಹೆಜ್ಜೆ, ಪೇಟೆಯಲ್ಲಿ ಎರಡು ಡಬ್ಬಿ ಕರದಂಟು. ಕತ್ತಲಾಗುವುದರೊಳಗೆ ಬೆಳಗಾವಿ ಸೇರುವ ಅವಸರ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಿಜವಾದ ರುಚಿ ಹತ್ತುವುದು ರಾತ್ರಿ ಉಳಿದವರಿಗೆ. ಅದಕ್ಕೆ ಎರಡು ದಿನ ಸಾಕು.

ಹೋಗುವುದು ಯಾವಾಗ? ಅದನ್ನು ಘಟಪ್ರಭೆಯೇ ಹೇಳಬೇಕು. ಮಳೆಗಾಲದಲ್ಲಿ ಕೆಂಪು ನೀರು ಸುಮಾರು 170 ಅಡಿ ಧುಮುಕುತ್ತದೆ. ಬೇಸಿಗೆಯಲ್ಲಿ ಕಾಣುವುದು ಬರಿ ಬಂಡೆ. ನೀರೆಲ್ಲ ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ, ಧೂಪದಾಳದ ಕಾಲುವೆಯಲ್ಲಿ. ಆದರೆ ಜಲಾಶಯ ಇಳಿದಾಗ ಹಿನ್ನೀರಿನಲ್ಲಿ ಮುಳುಗಿದ್ದ ಹುನ್ನೂರಿನ ವಿಠ್ಠಲ ಗುಡಿ ತಲೆಯೆತ್ತುತ್ತದೆ. ತುಂಬಿದ ಜಲಪಾತ, ಬಯಲಾದ ಗುಡಿ ಎರಡೂ ಒಂದೇ ಸಲ ಸಿಗುವುದಿಲ್ಲ. ಯಾವುದು ಬೇಕೆಂದು ಮೊದಲೇ ನಿರ್ಧರಿಸುವುದು ಒಳ್ಳೆಯದು.

ಮೊದಲ ದಿನ ಗೋಕಾಕ. ಧಾರೆಯ ದಂಡೆಯ ಮೇಲಿನ ಚಾಲುಕ್ಯರ ಕಾಲದ ಗುಡಿ, 1885ರಲ್ಲಿ ಸ್ಥಾಪನೆಯಾದ ಹತ್ತಿಗಿರಣಿ ನೋಡಿಕೊಂಡು ಮಧ್ಯಾಹ್ನ ಖಾನಾವಳಿಗೆ ನಡೆಯಬಹುದು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಆಮೇಲೆ ಕರದಂಟು. ತುಪ್ಪದಲ್ಲಿ ಕರಿದು ಅರಳಿಸಿದ ಅಂಟು, ಉತ್ತತ್ತಿ, ಕೊಬ್ಬರಿ, ಗೋಡಂಬಿ ಬೆಲ್ಲದ ಪಾಕದಲ್ಲಿ ಬೆರೆತ ಸಿಹಿ ಅದು. ಬಾಣಂತಿಗೆ ಕೊಡುವ ಅಂಟಿನ ಉಂಡೆಯ ಹತ್ತಿರದ ನೆಂಟ.

ಸಂಜೆಗೆ ಮೂಡಲಗಿ. ಶಿವಬೋಧರಂಗ ಮಠದ ಈ ಊರು ಈಗ ತಾಲೂಕು ಕೇಂದ್ರ. ಈ ಸೀಮೆಯ ಕುಲಗೋಡ ತಮ್ಮಣ್ಣನೇ ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ರಂಗಕ್ಕೆ ತಂದವನು. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಆ ಆಟದಲ್ಲಿ ಕೌಜಲಗಿ ನಿಂಗಮ್ಮ ಹೆಸರು ಮಾಡಿದರು. ಒಂದು ಹೂವಿಗಾಗಿ ಸತ್ಯಭಾಮೆ ಮುನಿಸಿಕೊಳ್ಳುವ ಕಥೆ ಬೆಳಗಿನವರೆಗೂ ನಡೆಯುತ್ತದೆ. ಆದರೆ ಇದಕ್ಕೆ ದಿನಾ ಪ್ರದರ್ಶನವಿಲ್ಲ, ಟಿಕೆಟ್ ಕಿಟಕಿಯಿಲ್ಲ. ಯಾವ ಹಳ್ಳಿಯ ಜಾತ್ರೆಯಲ್ಲಿ ಆಟವಿದೆಯೆಂದು ಮೊದಲೇ ವಿಚಾರಿಸಬೇಕು. ಇಲ್ಲವೇ ಹತ್ತಾರು ಜನ ಕೂಡಿ, ವೀಳ್ಯ ಕೊಟ್ಟು ಮೇಳವನ್ನು ಆಡಿಸಬೇಕು. ಕರೆಯುವವರಿಲ್ಲದಿದ್ದರೆ ಮೇಳದ ಹುಡುಗರು ಪಾತ್ರ ಕಲಿಯುವುದಾದರೂ ಏತಕ್ಕೆ?

ಎರಡನೆಯ ದಿನ ಹುಕ್ಕೇರಿ. ದಾರಿಯಲ್ಲಿ ಘಟಪ್ರಭೆಯ ದಂಡೆಯ ಘೋಡಗೇರಿಗೆ ಹೊರಳಬಹುದು. 2010ರ ಸಾಲಿನ ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರು ಹುಟ್ಟಿದ ಊರಿದು. ರಾತ್ರಿ ಬಯಲಾಟ ನೋಡಿ ಬಂದವರಿಗೆ ಅವರ ನಾಟಕಗಳ ಮಾತು, ಹಾಡು ಎಲ್ಲಿಂದ ಬಂದವೆಂದು ಯಾರೂ ಹೇಳಬೇಕಿಲ್ಲ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಕಲ್ಲಿನ ಗುಮ್ಮಟಗಳಿವೆ. ಇಳಿಹೊತ್ತಿನಲ್ಲಿ ಅವು ಚೆಂದ.

ಬುತ್ತಿಗೆ ಕಟಕ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಕಟ್ಟಿಸಿಕೊಂಡರೆ ಮರಳಿ ಬರುವ ದಾರಿಗೆ ಚಿಂತೆಯಿಲ್ಲ. ಕರದಂಟಿನ ಡಬ್ಬಿ ಈಗ ಯಾವ ಊರಿಗಾದರೂ ಪಾರ್ಸಲ್ ಬರುತ್ತದೆ. ಪಾರಿಜಾತ ನೋಡಲು ಮಾತ್ರ ಅಲ್ಲಿಗೇ ಹೋಗಬೇಕು.